‘ವಸ್ತು ಸಣ್ಣದು’ ಎಂಬ ಷರಾ

ಬಹಳ ವರ್ಷಗಳ ಹಿಂದೆ ನಮ್ಮೂರಿನ ಹೆಂಗಸರ ಕಥಾಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರ್ತಿಯಾಗಿದ್ದೆ. ಒಂದು ಕಥೆಯಲ್ಲಿ ಸೊಸೆಯೊಬ್ಬಳು ಹಾಲಿನ ಲೆಕ್ಕದ ಚೀಟಿಯನ್ನು ಅಕ್ಕಿಡಬ್ಬಿಯೊಳಗೆ ಬಚ್ಚಿಡುತ್ತಾಳೆ. ನಾನು ಅಂಚಿನಲ್ಲಿ ‘ವಸ್ತು ತೀರ ಸಣ್ಣದು’ ಎಂದು ಕೆಂಪು ಶಾಯಿಯಲ್ಲಿ ಬರೆದು ಬದಿಗಿಟ್ಟೆ. ಎರಡು ಸಾವು, ಒಂದು ಕೋರ್ಟು ಇದ್ದ ಕಥೆಗೆ ಬಹುಮಾನ ಬಂತು. ಆಕೆ ಮತ್ತೆ ಬರೆದರೋ ಇಲ್ಲವೋ ತಿಳಿಯದು.

ಆ ಷರಾ ನನ್ನನ್ನೇ ಚುಚ್ಚತೊಡಗಿದ್ದು ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕಥೆಯನ್ನು ಎರಡನೆಯ ಸಲ ಓದಿದಾಗ. ಊರಿಗೊಂದು ಟಾಕೀಸು ಬರುತ್ತದೆ. ಹೆರಿಗೆ ಮಾಡಿಸುತ್ತಿದ್ದ ಲಿಲ್ಲಿಬಾಯಿ ಅಲ್ಲಿ ಗೇಟ್‌ಕೀಪರ್ ಆಗುತ್ತಾಳೆ. ಹೆಂಗಸರು ಸಿನಿಮಾಕ್ಕೆ ಹೊರಡುತ್ತಾರೆ. ಹೇಳಹೊರಟರೆ ಇಷ್ಟೇ. ಆದರೆ ಒಂದು ಸಂಜೆ ಮನೆಯಿಂದ ಹೊರಬೀಳಲು ಹೆಣ್ಣಿಗೆ ಎಷ್ಟು ಜನರ ಒಪ್ಪಿಗೆ ಬೇಕೆಂದು ನಮಗೆ ಗೊತ್ತಲ್ಲವೆ? ಆ ಗೊತ್ತಿರುವುದನ್ನೇ ಅವರು ಕಥೆಯ ಜೀವ ಮಾಡಿದ್ದಾರೆ. ‘ಸಣ್ಣ’ ಎಂಬ ಮಾತನ್ನು ಹೆಸರಿನಲ್ಲೇ ಇಟ್ಟಿದ್ದಾರೆ, ಸಂಕೋಚವಿಲ್ಲದೆ.

2008ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಆಧರಿಸಿ ‘ಗುಲಾಬಿ ಟಾಕೀಸ್’ ಚಿತ್ರ ಮಾಡಿದರು. ಅಲ್ಲಿ ಸೂಲಗಿತ್ತಿ ಗುಲಾಬಿಯಾಗಿ ಉಮಾಶ್ರೀ ಇದ್ದಾರೆ. ಟಾಕೀಸಿನ ಜಾಗದಲ್ಲಿ ಅವಳ ಮನೆಗೆ ಬಂದ ಟೀವಿ ಇದೆ. ಕಾಲ ಬೇರೆ, ಹೆಸರು ಬೇರೆ. ಬೀಜ ಮಾತ್ರ ಅದೇ. ಸಣ್ಣ ವಸ್ತುವಿಗೆ ಭಾರ ಹೊರುವ ಶಕ್ತಿಯಿಲ್ಲ ಎನ್ನುವವರಿಗೆ ಬೇರೆ ಉತ್ತರ ಬೇಕೆ?

ಹಾಗೆಂದು ಕಂಡದ್ದೆಲ್ಲ ಕಥೆಯಾಗದು. ಒಗ್ಗರಣೆಯ ಘಮ, ಅಂಗಳದ ರಂಗೋಲಿ, ಅಜ್ಜಿಯ ಟ್ರಂಕು ಎಂದು ಪುಟ ತುಂಬಿಸಿದರೆ ಅದು ಬರಿಯ ಪಟ್ಟಿ. ಇಂಥ ಬರಹಗಳೂ ನಮ್ಮಲ್ಲಿ ಬೇಕಾದಷ್ಟಿವೆ, ಅವನ್ನು ಹೊಗಳಲಾರೆ. ವಸ್ತು ಕೈಗೆ ಸಿಕ್ಕಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಯಾರಿಗೆ ಏನು ದಕ್ಕಿತು, ಯಾರು ಏನು ಕಳೆದುಕೊಂಡರು? ಉತ್ತರ ಸಿಕ್ಕರೆ ಬರೆಯಿರಿ. ಸಿಗದಿದ್ದರೆ ಇನ್ನೂ ನಾಲ್ಕು ದಿನ ನೋಡಿ.

ಆ ಸೊಸೆ ಚೀಟಿ ಬಚ್ಚಿಟ್ಟದ್ದೇಕೆ? ಕೊನೆಯ ಪುಟದಲ್ಲಿ ಅದೂ ಇತ್ತು. ದಿನಕ್ಕೆ ಪಾವು ಹಾಲು ಹೆಚ್ಚಿಗೆ ತರಿಸಿ, ಪಾತ್ರೆ ತೊಳೆಯಲು ಬರುತ್ತಿದ್ದ ಬಸುರಿ ಹೆಂಗಸಿಗೆ ಹಿತ್ತಲ ಬಾಗಿಲಲ್ಲಿ ಕುಡಿಸುತ್ತಿದ್ದಳು. ಅತ್ತೆಗೆ ಲೆಕ್ಕ ತಿಳಿಯಬಾರದಿತ್ತು. ಅದನ್ನು ಓದಿದ ಮೇಲೆಯೇ ನಾನು ಕೆಂಪು ಶಾಯಿ ಎತ್ತಿಕೊಂಡದ್ದು.

ಸಣ್ಣದಾಗಿದ್ದದ್ದು ಆಕೆಯ ವಸ್ತುವಲ್ಲ.