ಅಂಚಿನ ಬಸವನಹುಳು

ಕ್ರಿ. ಶ. 1290ರಿಂದ ಮುಂದಿನ ಕೆಲವು ದಶಕಗಳಲ್ಲಿ ಉತ್ತರ ಫ್ರಾನ್ಸ್, ಫ್ಲಾಂಡರ್ಸ್ ಮತ್ತು ಇಂಗ್ಲೆಂಡುಗಳಲ್ಲಿ ಲಿಖಿತವಾದ ಚರ್ಮಪತ್ರ ಗ್ರಂಥಗಳ ಅಂಚುಗಳಲ್ಲಿ, ಕವಚಧಾರಿಯಾದ ಭಟನು ಬಸವನಹುಳುವಿನೊಡನೆ ಕಾದುವ ಚಿತ್ರವು ಮೇಲಿಂದ ಮೇಲೆ ಕಾಣಬರುತ್ತದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಗೋರ್ಲ್‌ಸ್ಟನ್ ಕೀರ್ತನಗ್ರಂಥದಲ್ಲಿಯೂ, ಪೋಪರ ಧರ್ಮಶಾಸನಗಳ ಸ್ಮಿತ್‌ಫೀಲ್ಡ್ ಪ್ರತಿಯಲ್ಲಿಯೂ ಇದುಂಟು. ಮೇಲೆ ದೇವಸ್ತುತಿ, ಧರ್ಮವಿಧಿ. ಕೆಳಗೆ ಈ ವಿನೋದ! ಗೆಲವು ಭಟನದೇ ಎಂಬ ನಿಯಮವೂ ಇಲ್ಲ. ಕೆಲವೆಡೆ ಅವನು ಕತ್ತಿಯನ್ನು ಬಿಸುಟು ಮೊಣಕಾಲೂರಿದ್ದಾನೆ.

ಲಾಜರಸನು ಸಮಾಧಿಯಿಂದೇಳುವ ಚಿತ್ರದ ಬಳಿ ಇಂತಹ ಹುಳುವನ್ನು ಕಂಡು, ಅದು ಪುನರುತ್ಥಾನದ ಸಂಕೇತವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಊಹಿಸಲಾಯಿತು. ಆ ಅರ್ಥವು ಹುಳುವಿಗೆ ಹೊಂದೀತು, ಕತ್ತಿಗೆ ಹೊಂದದು. 1962ರಲ್ಲಿ ಲಿಲಿಯನ್ ರ್ಯಾಂಡಲ್ ಎಂಬ ವಿದುಷಿಯು 29 ಹಸ್ತಪ್ರತಿಗಳಿಂದ ಸುಮಾರು 70 ಚಿತ್ರಗಳನ್ನು ಕಲೆಹಾಕಿ, ಹುಳುವೆಂದರೆ ಲೊಂಬಾರ್ಡರು ಎಂದು ವಾದಿಸಿದರು. ಬಡ್ಡಿವ್ಯಾಪಾರಿಗಳಾದ ಇವರಿಗೆ ಹೇಡಿಗಳೆಂಬ ಅಪಖ್ಯಾತಿಯಿದ್ದಿತು. ಪ್ರಯತ್ನವು ಸ್ತುತ್ಯವಾದುದು, ಮುಂದಿನ ಚರ್ಚೆಯೆಲ್ಲಕ್ಕೂ ಅದೇ ಅಡಿಗಲ್ಲು. ಆದರೆ ಲೊಂಬಾರ್ಡನನ್ನೂ ಬಸವನಹುಳುವನ್ನೂ ಕುರಿತ ಲ್ಯಾಟಿನ್ ಹಾಸ್ಯಕಾವ್ಯವನ್ನು ನೋಡಿದರೆ, ಅಲ್ಲಿ ಲೊಂಬಾರ್ಡನು ಹುಳುವಲ್ಲ, ಹುಳುವಿಗೆ ನಡುಗುವವನು. ಬೇಡವೆಂದು ತಡೆಯುವ ಹೆಂಡತಿಯೂ ಅವನಿಗುಂಟು. ಕೆಲವು ಅಂಚುಗಳಲ್ಲಿ ಭಟನನ್ನು ಅಂಗಲಾಚುವ ಸ್ತ್ರೀಯು ಈಕೆಯನ್ನೇ ನೆನಪಿಗೆ ತರುತ್ತಾಳೆ. ಹಾಗಾದರೆ ನಗೆಗೆ ಗುರಿ ಭಟನೇ ಹೊರತು ಹುಳುವಲ್ಲವೆನ್ನಬೇಕು.

ಇನ್ನು ಗಾತ್ರದ ಮಾತು. ಈ ಹುಳುವನ್ನು ದೈತ್ಯವೆಂದು ಕರೆಯುವುದು ವಾಡಿಕೆ. ಆದರೆ ಅಂಚಿನಲ್ಲಿ ಬೆಟ್ಟವಿಲ್ಲ, ಮನೆಯಿಲ್ಲ, ಅಳತೆಗೋಲಾಗಬಲ್ಲ ಯಾವುದೂ ಇಲ್ಲ; ಬಳ್ಳಿಯ ಸುರುಳಿಯೇ ನೆಲ. ಹುಳು ಬೆಳೆದಿದೆಯೋ, ಭಟನೇ ಕುಗ್ಗಿದ್ದಾನೋ? ಚಿತ್ರಕಾರನು ಹೇಳುವುದಿಲ್ಲ, ಹೇಳದಿರುವುದರಲ್ಲಿಯೇ ಸ್ವಾರಸ್ಯವಿದೆ.

ಈ ಸಂದೇಹವನ್ನು ಉಳಿಸಿಕೊಳ್ಳಲು ಆಟಕ್ಕೆ ಸಾಧ್ಯವಿಲ್ಲ. 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಣೆಯ ಆಟಕ್ಕೆ 1981ರಲ್ಲಿ ‘ಫೀಂಡ್ ಫೋಲಿಯೊ’ ಎಂಬ ಪ್ರಾಣಿಕೋಶವು ಸೇರಿತು. ಅದರಲ್ಲಿನ ‘ಫ್ಲೇಲ್ ಸ್ನೇಲ್’ ನಿಜವಾಗಿಯೂ ದೈತ್ಯ. ಅದರ ಕೊಂಬುಗಳ ತುದಿಯಲ್ಲಿ ಗದೆಗಳಿವೆ. ಆಟದಲ್ಲಿ ಪ್ರತಿಯೊಂದು ಪ್ರಾಣಿಗೂ ಬಲವನ್ನು ಅಂಕಿಗಳಲ್ಲಿ ಗೊತ್ತುಮಾಡಬೇಕಷ್ಟೆ. ಗದೆ ಬಂದೊಡನೆ ಭಯಕ್ಕೆ ಕಾರಣವೂ ಬಂದಿತು. ಕಾರಣ ಬಂದೊಡನೆ ನಗೆ ಹೋಯಿತು. ನಿರಾಯುಧವಾದ ಹುಳುವಿಗೆ ಸಾಯುಧನು ಅಂಜುವುದು ಹಾಸ್ಯ; ಗದಾಧಾರಿಗೆ ಅಂಜುವುದು ಬರಿಯ ವಿವೇಕ.

ಆದರೂ ಆಟದ ಹುಳುವಿನಲ್ಲಿ ಒಂದು ಗುಣವು ಹಳೆಯ ಚಿತ್ರಕ್ಕೆ ಸಮೀಪವಾಗಿದೆ. ಪ್ರಯೋಗಿಸಿದ ಮಂತ್ರವನ್ನು ಅದರ ಚಿಪ್ಪು ಕೆಡಿಸುತ್ತದೆ, ಕೆಲವೊಮ್ಮೆ ಪ್ರಯೋಗಿಸಿದವನತ್ತಲೇ ತಿರುಗಿಸುತ್ತದೆ. ಅಲ್ಲಿ ಹುಳುವು ಏನನ್ನೂ ಮಾಡುವುದಿಲ್ಲ, ಸುಮ್ಮನಿರುತ್ತದೆ. ಗದೆಗಳಿಲ್ಲದೆ ಇದೊಂದೇ ಇದ್ದಿದ್ದರೆ ಗೋರ್ಲ್‌ಸ್ಟನ್ನಿನ ಚಿತ್ರಕಾರನು ಅದನ್ನು ಗುರುತಿಸುತ್ತಿದ್ದನು.