ಹೊಲಿಗೆಯಿಲ್ಲದ ಅಂಗಿ

ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ಪಾಠ ಹೇಳುವಾಗ ನಾನು ಅನುಸರಿಸುತ್ತ ಬಂದ ಕ್ರಮ ಒಂದೇ. ಮೊದಲು ಸುವಾರ್ತೆಗಳಲ್ಲಿರುವ ಕಥೆಯನ್ನು ಹೇಳಿ ಮುಗಿಸುವುದು. ಆಮೇಲೆ ಹಳಗನ್ನಡದ ಮಾತುಗಳ ಅರ್ಥವನ್ನು ಬಿಡಿಸುವುದು. ಕೊನೆಗೆ ಸರಳ ರಗಳೆಯ ನಡೆಯನ್ನು ತೋರಿಸುವುದು. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಈ ಸಲ ಮೊದಲನೆಯ ಹಂತದಲ್ಲಿಯೇ ತಡೆಯಾಯಿತು. ಯೇಸುವನ್ನು ಶಿಲುಬೆಗೆ ಹಾಕಿದ ಸಿಪಾಯಿಗಳು ಅವನ ಬಟ್ಟೆಗಳನ್ನು ನಾಲ್ಕು ಪಾಲು ಮಾಡಿಕೊಂಡರೆಂದೂ ಒಳ ಅಂಗಿಯೊಂದನ್ನು ಮಾತ್ರ ಹರಿಯದೆ ಚೀಟು ಹಾಕಿದರೆಂದೂ ಯೋಹಾನನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿದೆ. ಆ ಅಂಗಿಗೆ ಹೊಲಿಗೆಯೇ ಇರಲಿಲ್ಲ. ಮೇಲಿನಿಂದ ಕೆಳಗಿನ ತನಕ ಇಡಿಯಾಗಿ ನೇಯ್ದದ್ದು. ಇದನ್ನು ಹೇಳಿ ಮುಂದಕ್ಕೆ ಹೋಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, ರಬಕವಿಯ ನೇಕಾರರ ಮನೆಯವನು, ಎದ್ದು ನಿಂತ. “ಸರ್, ಹೊಲಿಗಿ ಇಲ್ಲದ ಅಂಗಿ ಮಗ್ಗದ ಮ್ಯಾಲ ಹೆಂಗ ಬರ್ತದ್ರೀ?”

ತರಗತಿ ನಕ್ಕಿತು. ನಾನೂ ನಕ್ಕೆ. ಉತ್ತರ ಗೊತ್ತಿಲ್ಲವೆಂಬುದನ್ನು ಮುಚ್ಚಿಕೊಳ್ಳಲು ಅಧ್ಯಾಪಕರಿಗೆ ಅದೊಂದು ಸುಲಭದ ದಾರಿ. ನಾಚಿಕೆಯ ಸಂಗತಿಯೆಂದರೆ, ನಾನೂ ನೇಕಾರನ ಮಗನೇ.

ಸಂಜೆ ನಮ್ಮ ಓಣಿಯ ಹಿರಿಯರೊಬ್ಬರ ಕಟ್ಟೆಗೆ ಹೋದೆ. ಚಿಕ್ಕಂದಿನಿಂದ ನಾನು ಕಾಕಾ ಎಂದು ಕರೆಯುವವರು; ಕೈಮಗ್ಗ ಬಿಟ್ಟು ಬಹಳ ವರ್ಷವಾಯಿತು. ಹುಡುಗನ ಪ್ರಶ್ನೆಯನ್ನು ಅವರ ಮುಂದಿಟ್ಟೆ. “ಬರ್ತದ ತಮ್ಮಾ, ಯಾಕ ಬರೂದಿಲ್ಲ? ಎರಡು ಹಾಸು ಒಂದರ ಮ್ಯಾಲ ಒಂದು ಹೂಡಬೇಕು. ಲಾಳಿ ಮ್ಯಾಲಿನ ಹಾಸಿನಾಗ ಹೋಗಿ ಕೆಳಗಿನ ಹಾಸಿನಾಗ ತಿರುಗಿ ಬರಬೇಕು. ಎರಡೂ ದಂಡಿ ತಾವ ಕೂಡ್ಕೋತಾವ. ಅರಿವಿ ಚೀಲದಂಗ ಇಳೀತದ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರು ನೇಯ್ದಿದ್ರು ಅದನ್ನ? ಅವರವ್ವನ ಇರಬೇಕು. ಮಾರಾಕ ನೇಯವರು ಇಷ್ಟು ತ್ರಾಸ ತಗೊಳ್ಳೂದಿಲ್ಲ” ಎಂದರು.

ಸುವಾರ್ತೆಯಲ್ಲಿ ನೇಯ್ದವರ ಹೆಸರಿಲ್ಲ. ಆದರೆ ಆ ಅಂಗಿಯನ್ನು ತಾಯಿ ಮರಿಯಳೇ ನೇಯ್ದಳೆಂಬ ನಂಬಿಕೆ ಕ್ರೈಸ್ತ ಪರಂಪರೆಯಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಕಾಕಾ ಬೈಬಲ್ಲನ್ನು ತೆರೆದು ನೋಡಿದವರಲ್ಲ.

ಆ ರಾತ್ರಿ ನಾಲ್ಕೂ ಸುವಾರ್ತೆಗಳನ್ನು ಕೇವಲ ಬಟ್ಟೆಯ ಎಳೆ ಹಿಡಿದುಕೊಂಡು ಓದಿದೆ. ಇದೂ ಒಂದು ವಿಮರ್ಶೆಯ ವಿಧಾನವೇ ಎಂದು ವಿದ್ವಾಂಸರು ಕೇಳಬಹುದು, ಕೇಳಲಿ. ಲೂಕನಲ್ಲಿ ಮಗು ಹುಟ್ಟಿದ ಕೂಡಲೆ ತಾಯಿ ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಾಳೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಜನರ ನಡುವೆ ನುಗ್ಗಿ ಬಂದು ಮುಟ್ಟುವುದು ಅವನನ್ನಲ್ಲ, ಅವನ ಬಟ್ಟೆಯ ಅಂಚನ್ನು. ಬೆಟ್ಟದ ಮೇಲೆ ಅವನ ರೂಪ ಬೇರೆಯಾದಾಗ ಬಟ್ಟೆ ಎಷ್ಟು ಬೆಳ್ಳಗಾಯಿತೆಂದು ಹೇಳಲು ಮಾರ್ಕನಿಗೆ ಸೂರ್ಯಚಂದ್ರರು ನೆನಪಾಗುವುದಿಲ್ಲ. ಭೂಮಿಯ ಮೇಲಿನ ಯಾವ ಅಗಸನೂ ಅಷ್ಟು ಬೆಳ್ಳಗೆ ಮಾಡಲಾರನೆನ್ನುತ್ತಾನೆ. ಮಹಾಕವಿಯಾಗಿದ್ದರೆ ಹಾಲ್ಗಡಲನ್ನೋ ಹಿಮಗಿರಿಯನ್ನೋ ತಂದು ನಿಲ್ಲಿಸುತ್ತಿದ್ದ. ಕೊನೆಯ ಊಟದ ರಾತ್ರಿ ಗುರು ತನ್ನ ಮೇಲುಹೊದಿಕೆಯನ್ನು ತೆಗೆದಿಟ್ಟು, ಒಂದು ವಸ್ತ್ರವನ್ನು ನಡುವಿಗೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನೆ. ಮರುದಿನ ಅವನನ್ನು ಗೇಲಿ ಮಾಡಲು ಅರಸನ ಬಣ್ಣದ ನಿಲುವಂಗಿ ತೊಡಿಸುತ್ತಾರೆ. ಆ ಬಣ್ಣ ಒಬ್ಬನಲ್ಲಿ ಧೂಮ್ರ, ಇನ್ನೊಬ್ಬನಲ್ಲಿ ಕೆಂಪು. ಸಾಕ್ಷಿ ಹೇಳುವವರ ಮಾತು ಹೀಗೆ ತುಸು ಬೇರೆಯಾದಾಗಲೇ ನನಗೆ ಹೆಚ್ಚು ನಂಬಿಕೆ ಹುಟ್ಟುತ್ತದೆ.

ಇವೆಲ್ಲಕ್ಕಿಂತ ಹತ್ತಿರವಾದದ್ದು ಅವನ ಒಂದು ಸಣ್ಣ ಮಾತು. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆಯನ್ನು ಯಾರೂ ಹಚ್ಚುವುದಿಲ್ಲ. ಹಚ್ಚಿದರೆ ತೇಪೆ ಹಳೆಯದನ್ನು ಎಳೆದು ಹರುಕು ದೊಡ್ಡದಾಗುತ್ತದೆ. ಇಲ್ಲಿ ಬರಿಯ ‘ಹೊಸ’ ಎಂದರೆ ಸಾಲದು. ಇನ್ನೂ ನೀರು ಕಾಣದ, ಮುದುಡಿಕೊಳ್ಳದ ಬಟ್ಟೆ ಎಂದು ಮೂಲದ ಅರ್ಥ. ನಮ್ಮಲ್ಲಿ ಅದಕ್ಕೆ ಕೋರಾ ಅರಿವಿ ಎನ್ನುತ್ತಾರೆ. ನೀರಿಗೆ ಬಿದ್ದ ಮೇಲೆ ಕೋರಾ ಜಗ್ಗುತ್ತದೆಂಬುದನ್ನು ರಬಕವಿಯ ಹೆಣ್ಣುಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಈ ಮಾತನ್ನು ಆಡಿದವನು ಬಡಿಗ. ನಮ್ಮ ಮಗ್ಗಗಳ ಮರಗೆಲಸ ಮಾಡಿಕೊಡುತ್ತಿದ್ದವರೂ ಬಡಿಗರೇ ಆದ್ದರಿಂದ, ಅವನನ್ನು ನಮ್ಮ ನೆರೆಮನೆಯವನೆಂದುಕೊಳ್ಳಲು ನನಗೇನೂ ಕಷ್ಟವಾಗಲಿಲ್ಲ.

ಅಂಗಿಯನ್ನು ‘ಮೇಲಿನಿಂದ’ ನೇಯ್ದದ್ದೆನ್ನುವಲ್ಲಿ ಯೋಹಾನ ಬಳಸಿದ ಗ್ರೀಕ್ ಶಬ್ದ ‘ಆನೊಥೆನ್’. ರಾತ್ರಿಯಲ್ಲಿ ಬಂದ ನಿಕೊದೇಮನಿಗೆ ಯೇಸು ಮರುಹುಟ್ಟಿನ ಮಾತು ಹೇಳುವಾಗಲೂ ಅದೇ ಶಬ್ದ. ನಿನ್ನ ಅಧಿಕಾರ ಮೇಲಿನಿಂದ ಬಂದದ್ದು ಎಂದು ಪಿಲಾತನಿಗೆ ಹೇಳುವಾಗಲೂ ಅದೇ. ಕನ್ನಡ ಬೈಬಲ್ಲು ನಿಕೊದೇಮನ ಪ್ರಸಂಗದಲ್ಲಿ ‘ಹೊಸದಾಗಿ’ ಎಂಬ ಅರ್ಥವನ್ನು ಹಿಡಿದಿದೆ. ತಪ್ಪೇನಲ್ಲ, ಆ ಶಬ್ದಕ್ಕೆ ಎರಡೂ ಅರ್ಥಗಳುಂಟು. ಆದರೆ ಹುಟ್ಟಿಗೂ ಅಧಿಕಾರಕ್ಕೂ ಅಂಗಿಗೂ ಒಂದೇ ನೂಲು ಹಾಯ್ದಿತ್ತು; ಅದು ಕನ್ನಡದಲ್ಲಿ ಕಡಿಯಿತು.

ಇನ್ನು ಈ ಜೀವನಚರಿತೆ ಕನ್ನಡಕ್ಕೆ ಬಂದ ದಾರಿಯನ್ನು ನೋಡಬೇಕು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರ ಹೊತ್ತಿಗೆ ಇಡಿಯ ಬೈಬಲ್ಲು ಕನ್ನಡವಾಯಿತು. ಆ ಗದ್ಯವನ್ನು ಪಾದ್ರಿ ಕನ್ನಡವೆಂದು ನಗುವವರು ಈಗಲೂ ಇದ್ದಾರೆ. ವಾಕ್ಯಗಳು ಅಲ್ಲಲ್ಲಿ ಎಡವುತ್ತವೆ, ನಿಜ. ಆದರೂ ಹುಳಿಹಿಟ್ಟು, ಕಳೆದುಹೋದ ನಾಣ್ಯ, ಬಿತ್ತುವವನು, ತೇಪೆ ಇವು ಅಲ್ಲಿ ತಮ್ಮ ಗಾತ್ರದಲ್ಲಿಯೇ ಉಳಿದಿವೆ. 1853ರಲ್ಲಿ ಬಂದ ಕಿಟ್ಟೆಲರು ಹಾಗೆ ಬಿಡಲಿಲ್ಲ. ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಮುಂದೆ 1894ರ ನಿಘಂಟಿನಿಂದ ನಮ್ಮನ್ನೆಲ್ಲ ಋಣಿಗಳನ್ನಾಗಿ ಮಾಡಿದ ಆ ವಿದ್ವಾಂಸರ ಸಾಹಸ ಮೆಚ್ಚತಕ್ಕದ್ದೇ. ಆದರೆ ಪುರಾಣದ ಛಂದಸ್ಸನ್ನು ಹಿಡಿದ ಮೇಲೆ ಪುರಾಣದ ಗತ್ತು ಬಂದೇ ಬರುತ್ತದೆ. ಬಡಿಗನ ಮಾತಿಗೆ ಆ ಗತ್ತು ಒಪ್ಪುವುದಿಲ್ಲ. ನೆರೆಯ ಮರಾಠಿಯಲ್ಲಿ ಈ ತೊಡಕು ಕಡಿಮೆ. ಗೋವೆಯಲ್ಲಿ ಥಾಮಸ್ ಸ್ಟೀಫನ್ಸ್ ಬರೆದು 1616ರಲ್ಲಿ ಅಚ್ಚಾದ ‘ಕ್ರಿಸ್ತಪುರಾಣ’ವೂ, ನಾರಾಯಣ ವಾಮನ ಟಿಳಕರು ಆರಂಭಿಸಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಪೂರ್ಣಗೊಳಿಸಿದ ‘ಕ್ರಿಸ್ತಾಯನ’ವೂ ಓವಿಯಲ್ಲಿವೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿನ ಬಾಯಲ್ಲಿಯೂ ಓವಿ ಇತ್ತು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದಾಗ ಇಲ್ಲಿಯ ಕಿವಿಗಳಿಗೆ ಅದು ಹೊಸದಾಗಿರಲಿಲ್ಲ.

ಕನ್ನಡ ನಾಡಿಗೆ ಸುವಾರ್ತೆಯೂ ಹೊಸ ಮಗ್ಗವೂ ಜೊತೆಯಾಗಿಯೇ ಬಂದವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದೆ ಅಲ್ಲಿ ನೇಯ್ಗೆಯ ಕಾರಖಾನೆ ನಡೆಸಿದರು. ಖಾಕಿ ಬಣ್ಣ ಹುಟ್ಟಿದ್ದು ಅಲ್ಲಿಯೇ ಎಂದು ಹೇಳುವುದುಂಟು. ನಮ್ಮ ಜಿಲ್ಲೆಯಲ್ಲಿ ಅವರು ನೆಲೆಯೂರಿದ ಗುಳೇದಗುಡ್ಡವೂ ನೇಕಾರರ ಊರೇ. ಹೀಗಿದ್ದೂ ಆ ಅಂಗಿಯ ಮೇಲೆ ಕನ್ನಡದ ಕವಿಯ ಕಣ್ಣು ನೆಲೆಯಾಗಿ ನಿಲ್ಲಲಿಲ್ಲವಲ್ಲ!

ಗೋವಿಂದ ಪೈಗಳ ವಿಷಯದಲ್ಲಿ ನನ್ನ ಗೌರವ ಎಳ್ಳಷ್ಟೂ ಕಡಿಮೆಯಿಲ್ಲ. ಮಂಜೇಶ್ವರದ ಗೌಡ ಸಾರಸ್ವತ ಮನೆತನದವರು, ಕ್ರೈಸ್ತ ಮತಕ್ಕೆ ಸೇರದವರು, ಯೇಸುವಿನ ಕೊನೆಯ ದಿನವನ್ನು ವಾದಕ್ಕಾಗಿ ಅಲ್ಲ, ಕಾವ್ಯಕ್ಕಾಗಿಯೇ ಎತ್ತಿಕೊಂಡರು. ಬುದ್ಧನ ಕೊನೆಗೆ ‘ವೈಶಾಖಿ’ಯನ್ನು ಬರೆದರು. ಮಹಾಪುರುಷನ ಬಾಳೆಲ್ಲ ಅವನ ಸಾವಿನಲ್ಲಿ ಒಟ್ಟುಗೂಡಿ ಕಾಣುತ್ತದೆಂಬ ಕಾಣ್ಕೆ ಅವರದು, ದೊಡ್ಡದು. ಆದರೆ ಆದಿಪ್ರಾಸದ ಕಟ್ಟನ್ನು ಮೊದಲು ಕಿತ್ತೊಗೆದವರಲ್ಲಿ ಒಬ್ಬರಾದ ಅದೇ ಕವಿ, ‘ಗೊಲ್ಗೊಥಾ’ಕ್ಕೆ ಬಂದಾಗ ಹಳಗನ್ನಡದ ಬಿಗಿಯನ್ನೂ ಸಂಸ್ಕೃತ ಸಮಾಸದ ಭಾರವನ್ನೂ ಬಿಡಲಿಲ್ಲ. ಅದರಿಂದ ದುರಂತಕ್ಕೆ ಎತ್ತರ ಬಂದಿತು, ಶಿಲುಬೆ ಕನ್ನಡದ ಮುಗಿಲಿಗೆ ಏರಿತು. ಅದರ ಬುಡದಲ್ಲಿ ಚೀಟು ಹಾಕುತ್ತ ಕುಳಿತ ಸಿಪಾಯಿಯ ಕೈಯಲ್ಲಿರುವ ಅಂಗಿಗೆ ಆ ಎತ್ತರದಿಂದ ಏನು ಲಾಭ? ಮೂಲದ ಕಥನದಲ್ಲಿ ಹೃದಯ ಹಿಂಡುವುದು ಮಾತಿನ ಭವ್ಯತೆಯಲ್ಲ. ಒಬ್ಬ ಸಾಯುತ್ತಿರುವಾಗ ನಾಲ್ವರು ಅವನ ಬಟ್ಟೆಯ ಲೆಕ್ಕದಲ್ಲಿದ್ದಾರೆ ಎಂಬ ಬರಿಯ ಸಂಗತಿ. ಇದನ್ನು ನಾನು ತರಗತಿಯಲ್ಲಿ ಇಷ್ಟು ವರ್ಷ ಹೇಳಿಲ್ಲ. ಕಾವ್ಯದ ಭಾಷೆ ಕಠಿಣವಾದುದರಿಂದ ಅರ್ಥ ಹೇಳುವುದೇ ದೊಡ್ಡ ಕೆಲಸವಾಗಿ, ಅದರ ಹಿಂದೆ ಅಡಗಿಕೊಳ್ಳಲು ನನಗೂ ಅನುಕೂಲವಾಗಿತ್ತು.

ಸರಳವಾದ ಕನ್ನಡ ಆಗ ಇರಲಿಲ್ಲವೆನ್ನುವಂತಿಲ್ಲ. ದಾಸಿಮಯ್ಯ ನೇಕಾರ. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ, ಇಬ್ಬರೇ ಎಂಬ ವಿದ್ವಾಂಸರ ಜಗಳ ಇಲ್ಲಿ ಬೇಡ. ಅವನ ಬಗೆಗೆ ಬಂದ ಕಥೆಯೊಂದು ಸಾಕು. ನೇಯ್ದ ವಸ್ತ್ರವನ್ನು ಹೊತ್ತು ಹೋಗುವಾಗ ಮುದಿ ಜಂಗಮನೊಬ್ಬ ಅದನ್ನು ಬೇಡಿ ಪಡೆದು, ಕಣ್ಣೆದುರಿಗೇ ಚೂರುಚೂರಾಗಿ ಹರಿಯುತ್ತಾನೆ. ದಾಸಿಮಯ್ಯ ಕೋಪಗೊಳ್ಳುವುದಿಲ್ಲ. ಬಂದವನು ಶಿವ, ತವನಿಧಿಯನ್ನು ಕೊಟ್ಟು ಹೋಗುತ್ತಾನೆ. ಅಲ್ಲಿ ಹರಿದ ಬಟ್ಟೆ, ಇಲ್ಲಿ ಹರಿಯದ ಬಟ್ಟೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಬರೆಯಬಲ್ಲ ಕವಿಗೆ ವಚನದ ಮಾತು ಎಂಟುನೂರು ವರ್ಷಗಳಿಂದ ಸಿದ್ಧವಾಗಿಯೇ ಇತ್ತು. ಮಾರ್ಕನ ಅಗಸನ ಪಕ್ಕಕ್ಕೆ ಮಡಿವಾಳ ಮಾಚಯ್ಯನಿದ್ದ. ಈ ಹತ್ತಿರವನ್ನು ಅರಿತವರಲ್ಲಿ ಉತ್ತಂಗಿ ಚನ್ನಪ್ಪನವರು ಒಬ್ಬರೆಂದು ನನ್ನ ತಿಳಿವು. ಕ್ರೈಸ್ತ ಬೋಧಕರಾಗಿದ್ದೂ ಅವರು ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಹೊರತಂದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. ಸಾಮತಿಗೂ ತ್ರಿಪದಿಗೂ ಇರುವ ನಂಟು ಕಾಣದಿದ್ದರೆ ಅಷ್ಟು ಶ್ರಮವೇಕೆ? ಅವರು ಕವಿಯಾಗಿ ಸುವಾರ್ತೆಗೆ ಕೈಹಾಕಲಿಲ್ಲವೆಂಬುದು ನಮ್ಮ ದುರ್ದೈವ.

ಹೊರಗಿನವರೂ ಈ ಅಂಗಿಯನ್ನು ಯಾವಾಗಲೂ ಸರಿಯಾಗಿ ಕಂಡಿಲ್ಲ. ಎಲ್ ಗ್ರೆಕೊ 1577ರಿಂದ 1579ರವರೆಗೆ ಟೊಲೆಡೊದ ಇಗರ್ಜಿಗಾಗಿ ಬರೆದ ಚಿತ್ರದಲ್ಲಿ, ಬಟ್ಟೆ ಕಿತ್ತುಕೊಳ್ಳಲು ಮುತ್ತಿದ ಜನರ ನಡುವೆ ಯೇಸುವಿನ ಕೆಂಪು ನಿಲುವಂಗಿಯೊಂದೇ ಕಣ್ಣು ತುಂಬುತ್ತದೆ. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಓದಿಲ್ಲ. ಆ ಅಂಗಿ ನಮ್ಮಲ್ಲಿದೆಯೆಂದು ಜರ್ಮನಿಯ ಟ್ರೀರ್, ಫ್ರಾನ್ಸಿನ ಅರ್ಜಾಂತೈ ಎರಡೂ ಊರುಗಳು ಹೇಳಿಕೊಳ್ಳುತ್ತವೆ. ಟ್ಯೂರಿನ್ನಿನ ಶವವಸ್ತ್ರವನ್ನು 1988ರಲ್ಲಿ ಪರೀಕ್ಷಿಸಿದಾಗ ಅದರ ನಾರು 1260ರಿಂದ 1390ರ ನಡುವಿನದೆಂದು ಕಂಡುಬಂತು. 1953ರ ‘ದಿ ರೋಬ್’ ಚಿತ್ರಪಟದ ಮಾತು ಬೇಡ.

ಶವವಸ್ತ್ರವೆಂದೊಡನೆ ನನಗೆ ಬೇರೊಂದು ನೆನಪು. ಅರಿಮತಾಯದ ಯೋಸೇಫ ಸಂಜೆ ಹೊತ್ತಾದ ಮೇಲೆ ಪಿಲಾತನಿಂದ ಹೆಣವನ್ನು ಬೇಡಿ ಪಡೆದು, ನಾರುಮಡಿಯನ್ನು ಕೊಂಡು ತಂದು ಸುತ್ತಿದನೆಂದು ಮಾರ್ಕ ಹೇಳುತ್ತಾನೆ. ‘ಕೊಂಡು ತಂದು’ ಎಂಬ ಮಾತು ಮಾರ್ಕನಲ್ಲಿ ಮಾತ್ರ ಇದೆ. ಹನ್ನೆರಡು ವರ್ಷದ ಹಿಂದೆ ನಮ್ಮಪ್ಪ ತೀರಿಕೊಂಡಾಗಲೂ ಹೊತ್ತು ಮುಳುಗಿತ್ತು. ಮೂವತ್ತೈದು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ಮನುಷ್ಯ; ಅವನು ನೇಯ್ದದ್ದೆಲ್ಲ ಹೆಂಗಸರು ಉಡುವ ಬಣ್ಣದ ಸೀರೆ, ಮಗ್ಗವನ್ನೂ ಮಾರಿಯಾಗಿತ್ತು. ಮನೆಯಲ್ಲಿ ಬಿಳಿಯ ಬಟ್ಟೆಯ ಒಂದು ತುಂಡೂ ಸಿಕ್ಕಲಿಲ್ಲ. ಬಾಗಿಲು ಹಾಕುತ್ತಿದ್ದ ಅಂಗಡಿಯೊಂದಕ್ಕೆ ಓಡಿ, ಗಂಜಿ ಗಮಗಮಿಸುವ ಗಿರಣಿಯ ಬಟ್ಟೆಯನ್ನು ಕೊಂಡು ತಂದೆ. ಬೆರಳಿನಿಂದ ಅದನ್ನು ತಿಕ್ಕಿ ನೋಡಿದ ಕಾಕಾ ಏನೂ ಅನ್ನಲಿಲ್ಲ. ಮಾರ್ಕನ ಆ ಒಂದು ಮಾತನ್ನು ಹಳಗನ್ನಡಕ್ಕೆ ಏರಿಸಿದರೆ ನನ್ನ ಪಾಲಿಗೆ ಅದು ಸತ್ತಂತೆಯೇ.

ಯೋಹಾನ ಬಟ್ಟೆಯನ್ನು ಶಿಲುಬೆಯ ಬುಡದಲ್ಲಿಯೇ ಬಿಡುವುದಿಲ್ಲ. ಮೂರನೆಯ ದಿನ ಶಿಷ್ಯರು ಗವಿಯೊಳಗೆ ಬಗ್ಗಿ ನೋಡಿದಾಗ ನಾರುಬಟ್ಟೆಗಳು ಅಲ್ಲಿಯೇ ಬಿದ್ದಿವೆ; ತಲೆಗೆ ಸುತ್ತಿದ್ದ ವಸ್ತ್ರ ಮಾತ್ರ ಬೇರೆ ಕಡೆಯಲ್ಲಿ ಸುರುಳಿ ಸುತ್ತಿಟ್ಟಂತಿದೆ. ಇದನ್ನು ಕಾಕಾನಿಗೆ ಹೇಳಿದೆ. “ಸುತ್ತಿಟ್ಟಿದ್ನಾ?” ಎಂದು ಎರಡು ಸಲ ಕೇಳಿದರು. ಆಮೇಲೆ, “ಎಷ್ಟು ಮೊಳದ್ದದು?” ಎಂದರು.

ಮೊಳದ ಲೆಕ್ಕ ಸುವಾರ್ತೆಯಲ್ಲಿಲ್ಲ. ಮರುದಿನ ತರಗತಿಯಲ್ಲಿ ಎರಡು ಹಾಸಿನ ನೇಯ್ಗೆಯನ್ನು ಕಾಕಾ ಹೇಳಿಕೊಟ್ಟಂತೆಯೇ ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಗೆರೆಗಳು ಸೊಟ್ಟಗೆ ಬಂದವು. ಆ ಹುಡುಗ ಎದ್ದು ಬಂದು ತಿದ್ದಿದ. ‘ಗೊಲ್ಗೊಥಾ’ದ ನನ್ನ ಪ್ರತಿಯನ್ನೂ ಒಂದು ಹಳೆಯ ಹೊಸ ಒಡಂಬಡಿಕೆಯನ್ನೂ ಅವನೇ ಕೇಳಿ ಮನೆಗೆ ಒಯ್ದ. ಮೂರು ವಾರವಾಯಿತು, ಎರಡನ್ನೂ ಇನ್ನೂ ತಂದುಕೊಟ್ಟಿಲ್ಲ.