ಮರುಮುದ್ರಿತ ಧ್ವನಿಮುದ್ರಿಕೆಗಳು: ಸಂಗ್ರಹ ಮತ್ತು ಸಾಕ್ಷ್ಯ

೧

ಹಿಂದೆ ಪ್ರಕಟವಾಗಿದ್ದ ಗ್ರಾಮಫೋನ್ ಧ್ವನಿಮುದ್ರಿಕೆಗಳನ್ನು ಹೊಸದಾಗಿ ವಿನೈಲ್ ತಟ್ಟೆಗಳಲ್ಲಿ ಅಚ್ಚುಹಾಕಿ ಮಾರುವ ಪದ್ಧತಿ ಕಳೆದ ಎರಡು ದಶಕಗಳಲ್ಲಿ ಬಲಗೊಂಡಿದೆ. ಇವನ್ನು ಕೊಂಡು ಕೂಡಿಡುವ ಆಸಕ್ತರು ಈಗ ಮಹಾನಗರಗಳಲ್ಲಿ ಮಾತ್ರವೇ ಇರುವರೆಂದು ತಿಳಿಯಬಾರದು. ಹಳಿಯಾಳ, ದಾಂಡೇಲಿಗಳಂಥ ಊರುಗಳಲ್ಲಿಯೂ ಅಂಥವರುಂಟು. ದಾಂಡೇಲಿಯ ವಿದ್ಯಾರ್ಥಿಯೊಬ್ಬನು ಕ್ರಾಫ್ಟ್‌ವೆರ್ಕ್ ಎಂಬ ಜರ್ಮನ್ ವಾದ್ಯವೃಂದದ ಎಂಟು ತಟ್ಟೆಗಳನ್ನು ಬಹು ಶ್ರಮದಿಂದ ಸಂಗ್ರಹಿಸಿ, "ಸರ್, ಇವರ ಸಮಗ್ರ ಕೃತಿಗಳೂ ನನ್ನಲ್ಲಿವೆ" ಎಂದು ಈ ಲೇಖಕನಿಗೆ ತೋರಿಸಿದನು. ಅವನ ಸಂತೋಷ ಸಹಜವಾದುದು. ಆದರೆ 'ಸಮಗ್ರ' ಎಂಬ ಆ ಮಾತು ಪರೀಕ್ಷೆಗೆ ನಿಲ್ಲುವುದೇ ಎಂಬುದು ಇತಿಹಾಸದ ಅಭ್ಯಾಸಿಗಳು ಕೇಳಲೇಬೇಕಾದ ಪ್ರಶ್ನೆ.

ಮರುಮುದ್ರಿತ ಧ್ವನಿಮುದ್ರಿಕೆಯು ಮೂಲವಲ್ಲ, ಅದೊಂದು ಸಂಪಾದಿತ ಪಾಠ ಎಂಬುದು ಪ್ರಸ್ತುತ ಲೇಖನದ ವಾದ. ಹಸ್ತಪ್ರತಿಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ಈ ವಿವೇಕವನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದಾರೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ೧೯೬೪ರಲ್ಲಿ ಪ್ರಕಟವಾದಂದಿನಿಂದ ಪಾಠಾಂತರ, ಲೋಪ, ಪ್ರಕ್ಷೇಪ ಎಂಬ ಮಾತುಗಳು ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತವಾಗಿವೆ. ಓಲೆಗರಿಗೆ ಅನ್ವಯಿಸುವ ಈ ಎಚ್ಚರವನ್ನು ಧ್ವನಿಯ ತಟ್ಟೆಗೂ ಏಕೆ ಅನ್ವಯಿಸಬಾರದು?

೨

ಮೊದಲು ಕ್ರಾಫ್ಟ್‌ವೆರ್ಕ್ ಮಾಲೆಯನ್ನೇ ನೋಡೋಣ. ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯನ್ ಷ್ನೈಡರ್ ಎಂಬ ತರುಣರು ೧೯೭೦ರಲ್ಲಿ ಡುಸೆಲ್‌ಡಾರ್ಫ್ ನಗರದಲ್ಲಿ ಸ್ಥಾಪಿಸಿದ ಈ ವೃಂದವು ವಿದ್ಯುನ್ಮಾನ ಸಂಗೀತದ ಆದ್ಯರಲ್ಲಿ ಒಂದೆಂಬುದು ಸರ್ವಸಮ್ಮತ. ೨೦೦೯ರಲ್ಲಿ ಅವರ ಎಂಟು ಮುದ್ರಿಕೆಗಳು 'ದಿ ಕ್ಯಾಟಲಾಗ್' ಎಂಬ ಮಾಲೆಯಾಗಿ ಹೊರಬಂದವು. ಮಾಲೆಯ ಮೊದಲನೆಯದು ೧೯೭೪ರ 'ಆಟೋಬಾನ್'. ಆದರೆ ಅದಕ್ಕೆ ಮುಂಚೆ, ೧೯೭೦, ೧೯೭೨ ಮತ್ತು ೧೯೭೩ರಲ್ಲಿ, ಇದೇ ವೃಂದದ ಮೂರು ಮುದ್ರಿಕೆಗಳು ಪ್ರಕಟವಾಗಿದ್ದವು. ಅವಕ್ಕೆ ಈ ಮಾಲೆಯಲ್ಲಿ ಸ್ಥಾನವಿಲ್ಲ. ಆ ಮೂರರಲ್ಲಿ ಷ್ನೈಡರ್ ಕೊಳಲು ನುಡಿಸುವುದನ್ನು ಕೇಳಬಹುದು. ಯಂತ್ರದ ನಾದಕ್ಕೆ ಹೆಸರಾದವರು ಉಸಿರಿನ ವಾದ್ಯದಿಂದ ಹೊರಟು ಅಲ್ಲಿಗೆ ಹೇಗೆ ತಲುಪಿದರು ಎಂಬ ವಿಕಾಸದ ಮೊದಲ ಹಂತವೇ ಹೀಗೆ ಮರೆಯಾಗುತ್ತದೆ. ಎಂಟನ್ನು ಮಾತ್ರ ಬಲ್ಲವನಿಗೆ ಈ ವೃಂದವು ಹುಟ್ಟುವಾಗಲೇ ಪ್ರೌಢವಾಗಿತ್ತೆಂಬ ಭ್ರಮೆ ಉಂಟಾದರೆ ಆಶ್ಚರ್ಯವಿಲ್ಲ.

ಲೋಪದ ಜೊತೆಗೆ ತಿದ್ದುಪಡಿಯೂ ಇದೆ. ೧೯೮೬ರಲ್ಲಿ 'ಎಲೆಕ್ಟ್ರಿಕ್ ಕೆಫೆ' ಎಂಬ ಹೆಸರಿನಿಂದ ಬಂದ ಮುದ್ರಿಕೆಯು ಈ ಮಾಲೆಯಲ್ಲಿ 'ಟೆಕ್ನೋ ಪಾಪ್' ಎಂದಾಗಿದೆ. ಅದರ ಒಂದು ರಚನೆಯನ್ನು ಮೊಟಕುಗೊಳಿಸಿ ಮತ್ತೊಂದನ್ನು ಸೇರಿಸಲಾಗಿದೆ. ೧೯೭೫ರ 'ರೇಡಿಯೋ-ಆ್ಯಕ್ಟಿವಿಟಿ'ಯ ಮೂಲ ಹೊದಿಕೆಯ ಮೇಲೆ ೧೯೩೦ರ ದಶಕದ ಜರ್ಮನ್ ರೇಡಿಯೋ ಪೆಟ್ಟಿಗೆಯ ಚಿತ್ರವಿತ್ತು. ಮರುಮುದ್ರಣದಲ್ಲಿ ಅದರ ಜಾಗಕ್ಕೆ ವಿಕಿರಣದ ಸಂಕೇತ ಬಂದಿದೆ. ಈ ಬದಲಾವಣೆ ಅಲ್ಪವೆಂದು ತೋರಬಹುದು. ಆದರೆ ನಾತ್ಸಿ ಆಡಳಿತವು ತನ್ನ ಪ್ರಚಾರವನ್ನು ಮನೆಮನೆಗೆ ಮುಟ್ಟಿಸಿದುದು ಅಂಥ ಅಗ್ಗದ ಪೆಟ್ಟಿಗೆಗಳ ಮೂಲಕವೇ. ಯುದ್ಧ ಮುಗಿದ ಮೇಲೆ, ೧೯೪೬ ಮತ್ತು ೧೯೪೭ರಲ್ಲಿ, ಹುಟ್ಟಿದ ಇಬ್ಬರು ಜರ್ಮನರು ತಮ್ಮ ಕೃತಿಯ ಮುಖಕ್ಕೆ ಆ ಪೆಟ್ಟಿಗೆಯನ್ನು ಆರಿಸಿಕೊಂಡರೆಂಬುದು ಚರಿತ್ರಕಾರನಿಗೆ ಅಮೂಲ್ಯವಾದ ಸಂಗತಿ. ಹೊಸ ಹೊದಿಕೆಯಿಂದ ಅದು ತಿಳಿಯಲಾರದು.

ಕಲಾವಿದನಿಗೆ ತನ್ನ ಕೃತಿಯನ್ನು ತಿದ್ದುವ ಹಕ್ಕಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಹಕ್ಕು ನಿಶ್ಚಯವಾಗಿಯೂ ಇದೆ. ಕವಿಯೂ ಎರಡನೆಯ ಮುದ್ರಣದಲ್ಲಿ ತನ್ನ ಪದ್ಯಗಳನ್ನು ತಿದ್ದುತ್ತಾನೆ, ಕೆಲವನ್ನು ಕೈಬಿಡುತ್ತಾನೆ. ಆದರೆ ವಿಮರ್ಶಕನು ಆ ಕಾರಣದಿಂದ ಮೊದಲ ಮುದ್ರಣವನ್ನು ಎಸೆಯುವುದಿಲ್ಲ. ಎರಡನ್ನೂ ಎದುರಿಟ್ಟುಕೊಂಡು ಓದುತ್ತಾನೆ. ೨೦೦೯ರ ಮಾಲೆಯು ಆ ವೃಂದವು ೨೦೦೯ರಲ್ಲಿ ತನ್ನನ್ನು ಹೇಗೆ ಕಂಡುಕೊಂಡಿತು ಎಂಬುದಕ್ಕೆ ಉತ್ತಮ ಸಾಕ್ಷ್ಯ. ೧೯೭೫ಕ್ಕೆ ಅದು ಪೂರ್ಣ ಸಾಕ್ಷ್ಯವಾಗಲಾರದು.

೩

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. ಮುಂಬಯಿಯ ಚಿತ್ರಸಂಗೀತದಲ್ಲಿ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ ಅವರು ೧೯೮೨ರಲ್ಲಿ ಸಿಂಥಸೈಸರ್ ಹಾಗೂ ತಾಳಯಂತ್ರಗಳ ಮೇಲೆ ಭೈರವಿ, ಲಲಿತ್, ಯಮನ್, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ನುಡಿಸಿ ಮುದ್ರಿಸಿದರು. ಅಂದು ಅದನ್ನು ಗಮನಿಸಿದವರು ವಿರಳ. ೨೦೧೦ರಲ್ಲಿ ಹಾಲೆಂಡಿನಿಂದ ಮರುಮುದ್ರಣವಾದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಮರುಮುದ್ರಣದಿಂದಾದ ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರೊಡನೆ ಒಂದು ಬಿರುದೂ ಅಂಟಿಕೊಂಡಿತು: ೧೯೮೦ರ ದಶಕದ ನಡುವೆ ಚಿಕಾಗೋದಲ್ಲಿ ಹುಟ್ಟಿದ 'ಆ್ಯಸಿಡ್ ಹೌಸ್' ಎಂಬ ನೃತ್ಯಸಂಗೀತಕ್ಕೆ ಸಿಂಗ್ ಅವರೇ ಜನಕರೆಂದು. ಉಪಕರಣಗಳು ಒಂದೇ ಆಗಿದ್ದುದರಿಂದ ನಾದದಲ್ಲಿ ಹೋಲಿಕೆ ಇರುವುದು ನಿಜ. ಆದರೆ ಮುಂಚೆ ನಡೆದುದೆಲ್ಲ ಅನಂತರದ್ದಕ್ಕೆ ಕಾರಣವಾಗಬೇಕಾಗಿಲ್ಲ. ಚಿಕಾಗೋದವರು ಇದನ್ನು ಕೇಳಿದ್ದರೆಂಬುದಕ್ಕೆ ಆಧಾರ ದೊರೆಯದಿರುವಾಗ ಈ ಬಿರುದನ್ನು ಪ್ರಕ್ಷೇಪವೆಂದೇ ಎಣಿಸಬೇಕು. ಅಲ್ಲಿ ಲೋಪದಿಂದ, ಇಲ್ಲಿ ಸೇರ್ಪಡೆಯಿಂದ, ಮರುಮುದ್ರಣವು ಹೊಸ ಇತಿಹಾಸವನ್ನೇ ಬರೆದಿದೆ.

೪

ಈ ವಿಚಾರ ದೂರದೇಶದ ವಾದ್ಯವೃಂದಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಹಳಿಯಾಳ ಸೀಮೆಗೆ ಜಿಲ್ಲಾಕೇಂದ್ರವಾದ ಕಾರವಾರಕ್ಕಿಂತ ಧಾರವಾಡವೇ ಸಮೀಪ. ಧಾರವಾಡ, ಹುಬ್ಬಳ್ಳಿಗಳ ಗಾಯಕರ ತಟ್ಟೆಗಳು ಈ ಭಾಗದ ಅನುಕೂಲಸ್ಥರ ಮನೆಗಳಿಗೂ ಬಂದಿದ್ದವು.

ಗಂಗೂಬಾಯಿ ಹಾನಗಲ್ (೧೯೧೩–೨೦೦೯) ಅವರ ೧೯೩೦ರ ದಶಕದ ತಟ್ಟೆಗಳ ಮೇಲೆ 'ಗಾಂಧಾರಿ ಹುಬ್ಳೀಕರ' ಎಂಬ ಹೆಸರು ಕಾಣುತ್ತದೆ. ಆ ತಟ್ಟೆಗಳಲ್ಲಿರುವುದು ಎತ್ತರದ ಎಳೆಯ ದನಿ. ಅನಂತರ ಗಂಟಲಿನ ತೊಂದರೆ ಮತ್ತು ಶಸ್ತ್ರಚಿಕಿತ್ಸೆಗಳ ಪರಿಣಾಮವಾಗಿ ಅವರ ದನಿ ಗಂಭೀರವಾಯಿತು. ನಾಡು ಬಲ್ಲದ್ದು ಆ ಎರಡನೆಯ ದನಿಯನ್ನು. ಇಂಥ ಹಾಡುಗಳನ್ನು ವರ್ಷ ಸೂಚಿಸದೆ ಒಂದೇ ಹೆಸರಿನ ಕೆಳಗೆ ಸೇರಿಸಿದರೆ ಕೇಳುಗನು ಗೊಂದಲಕ್ಕೆ ಬೀಳುವುದು ಖಂಡಿತ. ಮಲ್ಲಿಕಾರ್ಜುನ ಮನ್ಸೂರ (೧೯೧೦–೧೯೯೨) ಅವರ ವಿಷಯವೂ ಹೀಗೆಯೇ. ಅವರ ಮೊದಲ ಶಿಕ್ಷಣ ನೀಲಕಂಠಬುವಾ ಅವರಲ್ಲಿ, ಗ್ವಾಲಿಯರ್ ಪದ್ಧತಿಯಲ್ಲಿ ನಡೆಯಿತು. ೧೯೩೫ರ ಸುಮಾರಿಗೆ ಅವರು ಮಂಜಿಖಾನರಲ್ಲಿ, ೧೯೩೭ರಲ್ಲಿ ಅವರು ತೀರಿಕೊಂಡ ಮೇಲೆ ಬುರ್ಜಿಖಾನರಲ್ಲಿ ಜೈಪುರ ಘರಾಣೆಯನ್ನು ಅಭ್ಯಾಸ ಮಾಡಿದರು. ಆದಕಾರಣ ತಟ್ಟೆಯ ವರ್ಷ ತಿಳಿಯದೆ ಅವರ ಶೈಲಿಯ ವಿಕಾಸವನ್ನು ಕುರಿತು ಯಾವ ತೀರ್ಮಾನವನ್ನೂ ಮಾಡುವಂತಿಲ್ಲ.

ವೇಗದ ಪ್ರಶ್ನೆಯೂ ಉಂಟು. ಹಳೆಯ ತಟ್ಟೆಗಳನ್ನು ನಿಮಿಷಕ್ಕೆ ೭೮ ಸುತ್ತಿನವೆಂದು ಕರೆಯುವುದು ರೂಢಿಯಾದರೂ ಆರಂಭಕಾಲದಲ್ಲಿ ಮುದ್ರಣದ ವೇಗ ಏಕರೂಪವಾಗಿರಲಿಲ್ಲ. ೭೪ ಸುತ್ತಿನಲ್ಲಿ ಮುದ್ರಿಸಿದ ಮೂರು ನಿಮಿಷದ ಹಾಡನ್ನು ೭೮ರಲ್ಲಿ ನುಡಿಸಿದರೆ ಅದು ೧೭೧ ಸೆಕೆಂಡುಗಳಲ್ಲಿಯೇ ಮುಗಿಯುತ್ತದೆ. ಶ್ರುತಿಯು ಶೇಕಡಾ ೫ಕ್ಕೂ ಮಿಕ್ಕಿ ಏರುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಒಂದರಲ್ಲಿ ಹಾಡಿದುದು ಬಿಳಿ ಎರಡರ ಸಮೀಪಕ್ಕೆ ಬರುತ್ತದೆ. ಗಾಯಕಿಯ ದನಿ ನಿಜವಾಗಿಯೂ ಎತ್ತರದ್ದೋ, ಯಂತ್ರವು ಎತ್ತರಿಸಿದ್ದೋ ಎಂದು ನಿರ್ಣಯಿಸಲು ಮೂಲ ತಟ್ಟೆ ಬೇಕು. ಅದರ ನಡುವಿನ ಚೀಟಿ ಮತ್ತು ಚೀಟಿಯ ಸುತ್ತ ಕೊರೆದಿರುವ ಅಚ್ಚಿನ ಸಂಖ್ಯೆ ಶಾಸನದ ಮಿತಿಯಷ್ಟೇ ಮುಖ್ಯವಾದವು. ಮರುಮುದ್ರಣದ ಮೇಲಿರುವುದು ಮರುಮುದ್ರಣದ ಸಂಖ್ಯೆ.

ಮರುಮುದ್ರಣಗಳನ್ನು ಕೊಳ್ಳಬಾರದೆಂದು ನಮ್ಮ ಅಭಿಪ್ರಾಯವಲ್ಲ. ಸವೆದ ತಟ್ಟೆಯಲ್ಲಿ ಕೇಳಿಸದ ಸೂಕ್ಷ್ಮಗಳನ್ನು ಅವು ಕೇಳಿಸುತ್ತವೆ. ಬಡ ವಿದ್ಯಾರ್ಥಿಗೂ ಹಳೆಯ ಕೃತಿಯನ್ನು ಪರಿಚಯಿಸುತ್ತವೆ. ಅಪಾಯವಿರುವುದು ಮತ್ತೊಂದೆಡೆ. ಮೇಲೆ ಹೇಳಿದ ವಿದ್ಯಾರ್ಥಿಯ ಅಜ್ಜನ ಮನೆ ಹಳಿಯಾಳದಲ್ಲಿದೆ. ಅಲ್ಲಿ ತಗಡಿನ ಟ್ರಂಕಿನ ತುಂಬ ಇದ್ದ ಹಳೆಯ ತಟ್ಟೆಗಳನ್ನು, ಈ ಹಾಡುಗಳೆಲ್ಲ ಈಗ ಹೊಸದಾಗಿ ಸಿಗುತ್ತವೆಂಬ ಕಾರಣದಿಂದ, ಮನೆಯವರು ಗುಜರಿಗೆ ಹಾಕಿದ್ದರು. ನಾವು ಹೋಗಿ ನೋಡುವಾಗ ಉಳಿದಿದ್ದುದು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಎರಡು ಕಾಗದದ ಹೊದಿಕೆಗಳು ಮಾತ್ರ. ಆ ತಟ್ಟೆಗಳಲ್ಲಿ ಯಾರ ಹಾಡುಗಳಿದ್ದುವೆಂದು ಹೇಳಬಲ್ಲವರು ಈಗ ಆ ಮನೆಯಲ್ಲಿಲ್ಲ.

ಈ ಸೀಮೆಯ ಇತಿಹಾಸಕ್ಕೆ ಇಂಥ ನಷ್ಟ ಹೊಸದಲ್ಲ. ಕಾಳಿ ನದಿಯ ಅಣೆಕಟ್ಟಿನಿಂದ ಹಳೆಯ ಸೂಪಾ ಊರು ೧೯೮೦ರ ದಶಕದಲ್ಲಿ ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾ ಆಯಿತು. ಕಾಗದದ ಕಾರ್ಖಾನೆಯ ಕೆಲಸಕ್ಕಾಗಿ ದಾಂಡೇಲಿಗೆ ಹಲವು ಭಾಷೆಗಳ ಕುಟುಂಬಗಳು ಬಂದವು. ಮುಂಡಗೋಡದಲ್ಲಿ ೧೯೬೬ರಿಂದ ಟಿಬೆಟನ್ನರು ನೆಲಸಿದ್ದಾರೆ. ಇಲ್ಲಿ ಯಾವ ಮನೆಯಲ್ಲಿ ಯಾವ ಧ್ವನಿ ಕೇಳುತ್ತಿತ್ತು ಎಂಬುದು ಯಾವ ಕಂಪನಿಯ ಮರುಮುದ್ರಣದಿಂದಲೂ ತಿಳಿಯುವಂತಿಲ್ಲ. ಅದಕ್ಕೆ ಮನೆಗಳಲ್ಲಿ ಉಳಿದಿರುವ ತಟ್ಟೆಗಳೇ ಆಧಾರ.

ಆದುದರಿಂದ ಈ ನಾಲ್ಕು ತಾಲೂಕುಗಳ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ತಮ್ಮ ಹಾಗೂ ನೆರೆಯವರ ಮನೆಗಳಲ್ಲಿರುವ ತಟ್ಟೆಗಳ ಪಟ್ಟಿಯೊಂದನ್ನು ಸಿದ್ಧಪಡಿಸುವುದು ಅವಶ್ಯವೆಂದು ತೋರುತ್ತದೆ. ಕಂಪನಿ, ಚೀಟಿಯ ಮೇಲಿನ ಹೆಸರು, ಎರಡೂ ಬದಿಯ ಸಂಖ್ಯೆಗಳು, ಕೊಂಡ ಊರು, ಕೊಂಡವರ ಉದ್ಯೋಗ, ಇಷ್ಟನ್ನು ಬರೆದಿಟ್ಟರೆ ಸಾಕು. ಇದಕ್ಕೆ ಹಣ ಬೇಕಿಲ್ಲ. ದಾಂಡೇಲಿಯ ಆ ವಿದ್ಯಾರ್ಥಿ ಈ ಕೆಲಸವನ್ನು ತನ್ನ ಓಣಿಯಲ್ಲಿ ಆರಂಭಿಸಿದ್ದಾನೆ. ಅವನ ಪಟ್ಟಿಯಲ್ಲಿ ಕ್ರಾಫ್ಟ್‌ವೆರ್ಕಿನ ಎಂಟು ತಟ್ಟೆಗಳೂ ಸೇರಿವೆ. ಅವುಗಳ ಎದುರಿಗೆ ಅವನು 'ಮರುಮುದ್ರಣ, ೨೦೦೯ರ ಪಾಠ' ಎಂದು ಬರೆದಿದ್ದಾನೆ.